ಪಿಐಆರ್ ಸೆನ್ಸರಿನಿಂದ ರಾಕೆಟ್ ಪತ್ತೆ ಆಗುತ್ತಾ? ಕಾರವಾರದಿಂದ ಒಂದು ಪ್ರಶ್ನೆ

ಹಬ್ಬುವಾಡ ರಿಪೇರಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಾರವಾರದ ಹಬ್ಬುವಾಡದಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಬೋಟಿನ ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ಸೆಟ್ ಇವೇ ಜಾಸ್ತಿ ಬರುತ್ತವೆ. ಅಕ್ಕನ ಮಗಳು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಸೇನೆಯ ವಾಹನದ ಕಡೆಗೆ ವೇಗವಾಗಿ ಬರುವ ರಾಕೆಟ್ಟನ್ನು ಪ್ಯಾಸಿವ್ ಇನ್ಫ್ರಾರೆಡ್ (ಪಿಐಆರ್) ಸೆನ್ಸರಿನಿಂದ ಗುರುತಿಸಿ, ಅದರ ಹಾದಿ ಹಿಡಿಯುವುದು ಅವಳ ಪ್ರಾಜೆಕ್ಟ್.

ಶನಿವಾರ ಅಂಗಡಿಗೆ ಬಂದು ಡ್ರಾಯರಿನಿಂದ ಒಂದು ಎಚ್‌ಸಿ-ಎಸ್‌ಆರ್501 ತೆಗೆದುಕೊಂಡಳು. ಮೆಟ್ಟಿಲ ಮೇಲೆ ಜನ ಬಂದರೆ ದೀಪ ಹಚ್ಚುತ್ತದಲ್ಲ, ಬಿಳಿ ಗುಮ್ಮಟದ್ದು, ಅದೇ. ಮೇಜಿನ ಮೇಲಿಟ್ಟು ಇಬ್ಬರೂ ಪರೀಕ್ಷೆ ಮಾಡಿದೆವು. ಎದುರಿಗೆ ಕೈ ಆಡಿಸಿದರೆ ಎಲ್ಇಡಿ ಹತ್ತುತ್ತದೆ. ಆಮೇಲೆ ಟೆನಿಸ್ ಚೆಂಡನ್ನು ಬಿಸಿ ನೀರಲ್ಲಿ ಅದ್ದಿ ಅದರ ಮುಂದಿನಿಂದ ಜೋರಾಗಿ ಎಸೆದೆವು. ಐದು ಸಲದಲ್ಲಿ ಒಮ್ಮೆ ಹತ್ತಿತು. ನೇರ ಅದರ ಕಡೆಗೇ ಎಸೆದಾಗ ಒಮ್ಮೆಯೂ ಹತ್ತಲಿಲ್ಲ.

ಹುಡುಗಿ ಬೇಜಾರಾಗಿದ್ದಾಳೆ. ಸೆನ್ಸರ್ ತಪ್ಪೋ, ನಮ್ಮ ಕ್ರಮ ತಪ್ಪೋ? ಸೇನೆಯವರು ಇದನ್ನು ಹೇಗೆ ಮಾಡುತ್ತಾರೆ? ತಿಳಿದವರು ಬಿಡಿಸಿ ಹೇಳಿ.

ಯಾಣದ ಮಾಸ್ತರ · ಸೋಮವಾರ ರಾತ್ರಿ 10:25

ಶಿರಸಿಯಿಂದ ಬರೆಯುತ್ತಿದ್ದೇನೆ, ಭೌತಶಾಸ್ತ್ರ ಕಲಿಸುವವ. ಮೆಟ್ಟಿಲಿನ ಸೆನ್ಸರಿಗೂ ಸೇನೆಯದ್ದಕ್ಕೂ ಹೆಸರು ಒಂದೇ ಆದ್ದರಿಂದ ಗೊಂದಲ ಆಗಿದೆ ತಮ್ಮಾ. ಪ್ಯಾಸಿವ್ ಅಂದರೆ ತಾನು ಏನನ್ನೂ ಹೊರಗೆ ಬಿಡುವುದಿಲ್ಲ, ಎದುರಿನಿಂದ ಬಂದ ಶಾಖದ ಕಿರಣವನ್ನು ಮಾತ್ರ ನೋಡುತ್ತದೆ. ಮೆಟ್ಟಿಲಿನ ಸೆನ್ಸರೂ ಅದನ್ನೇ ಮಾಡುತ್ತದೆ, ಟ್ಯಾಂಕಿನ ಮೇಲಿನದ್ದೂ ಅದನ್ನೇ ಮಾಡುತ್ತದೆ. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು.

ನಿಮ್ಮ ಗುಮ್ಮಟದೊಳಗೆ ಶಾಖ ಗ್ರಹಿಸುವ ಎರಡು ಚೂರುಗಳಿವೆ, ಒಂದಕ್ಕೊಂದು ಉಲ್ಟಾ ಜೋಡಿಸಿರುತ್ತಾರೆ. ಬಿಸಿ ವಸ್ತು ಒಂದರ ನೋಟದಿಂದ ಇನ್ನೊಂದರ ನೋಟಕ್ಕೆ ದಾಟಿದಾಗ ಮಾತ್ರ ಸಿಗ್ನಲ್ ಬರುತ್ತದೆ. ಅಂದರೆ ಅಡ್ಡ ಹೋಗುವವರು ಚೆನ್ನಾಗಿ ಸಿಗುತ್ತಾರೆ. ನೇರ ಎದುರಿಗೆ ಬರುವವರು ಎರಡೂ ಚೂರಿಗೆ ಒಂದೇ ಥರ ಕಾಣುತ್ತಾರೆ, ಹಾಗಾಗಿ ಸಿಗ್ನಲ್ ಕಳೆದುಹೋಗುತ್ತದೆ. ನಿಮಗೆ ಬೇಕಾದದ್ದು ಎದುರಿಗೆ ಬರುವ ರಾಕೆಟ್. ಈ ಸೆನ್ಸರಿಗೆ ಅತಿ ಕಷ್ಟದ ದಿಕ್ಕು ಅದೇ. ನಿಮ್ಮ ಚೆಂಡು ಸರಿಯಾದ ಉತ್ತರವನ್ನೇ ಕೊಟ್ಟಿದೆ.

ಇನ್ನು ವೇಗ. ಅದರ ಹರವು ಹೆಚ್ಚೆಂದರೆ 7 ಮೀಟರ್. ಸೆಕೆಂಡಿಗೆ 300 ಮೀಟರ್ ಬರುವ ವಸ್ತು ಅಷ್ಟನ್ನು 23 ಮಿಲಿಸೆಕೆಂಡಲ್ಲಿ ಮುಗಿಸುತ್ತದೆ. ಕಣ್ಣು ಮಿಟುಕಿಸಲಿಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಸೇನೆಯವರು ಬಳಸುವುದು ಸಾವಿರಾರು ಪಿಕ್ಸೆಲ್ ಇರುವ ಇನ್ಫ್ರಾರೆಡ್ ಕ್ಯಾಮೆರಾ. ಅದೂ ಹೆಚ್ಚಾಗಿ 3ರಿಂದ 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತರಂಗಾಂತರದ ಪಟ್ಟಿಯಲ್ಲಿ. ಯಾಕೆ ಆ ಪಟ್ಟಿ ಅಂತ ನೋಡಿ. ರಾಕೆಟ್ಟಿನ ಬಾಲದಲ್ಲಿ ಬಿಸಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಅದು 4.3 ಮೈಕ್ರಾನಿನ ಸುತ್ತಮುತ್ತ ಜೋರಾಗಿ ಹೊಳೆಯುತ್ತದೆ. ಆದರೆ ಮಧ್ಯದ ಗಾಳಿಯಲ್ಲೂ ಅದೇ ಅನಿಲ ಇದೆ, ತಣ್ಣಗಿದೆ. ಅದು ಆ ಹೊಳಪಿನ ನಡುಭಾಗವನ್ನು ನುಂಗಿಬಿಡುತ್ತದೆ. ಬಿಸಿ ಅನಿಲ ಹೊಳೆಯುವ ಪಟ್ಟಿ ತಣ್ಣನೆ ಅನಿಲ ನುಂಗುವ ಪಟ್ಟಿಗಿಂತ ಅಗಲ. ಹಾಗಾಗಿ ಎರಡು ಬದಿಯ ಅಂಚು ಉಳಿದುಕೊಂಡು ನಮ್ಮವರೆಗೆ ಬರುತ್ತದೆ. ಆ ಅಂಚಿನಲ್ಲಿ ಒಂದು ಫಿಲ್ಟರ್, ಸ್ವಲ್ಪ ದೂರದ ಪಟ್ಟಿಯಲ್ಲಿ ಇನ್ನೊಂದು. ಎರಡನ್ನೂ ಹೋಲಿಸಿದರೆ ಇದು ರಾಕೆಟ್ಟಿನ ಬೆಂಕಿಯೋ, ಗಾಜಿನ ಮೇಲೆ ಮಿಂಚಿದ ಸೂರ್ಯನೋ ಅಂತ ಬೇರೆ ಮಾಡಬಹುದು. ಸೂರ್ಯನ ಬೆಳಕಿನಲ್ಲಿ ಆ ಎರಡರ ಪ್ರಮಾಣವೇ ಬೇರೆ.

ಹಳೇ ಟ್ಯಾಂಕಿನವ · ಮಂಗಳವಾರ ಬೆಳಿಗ್ಗೆ 6:15

ಅಂಕೋಲೆಯವ, ಸೇನೆಯಿಂದ ನಿವೃತ್ತ. ಟಿ-72ರೊಳಗೆ ಬಹಳ ವರ್ಷ ಕೂತವನು. ತಂಗಿಯ ಪ್ರಾಜೆಕ್ಟ್ ವಿಷಯ ನೋಡಿ ನಿಜಕ್ಕೂ ಖುಷಿ ಆಯಿತು. ಹ್ಯಾಚ್ ಮುಚ್ಚಿದ ಮೇಲೆ ಒಳಗಿದ್ದವನಿಗೆ ಹೊರಗಿನ ಪ್ರಪಂಚ ಅಂದರೆ ಪೆರಿಸ್ಕೋಪಿನ ಅಂಗೈ ಅಗಲದ ಗಾಜು. ಪಕ್ಕದ ಪೊದೆಯಿಂದ ಏನು ಬಂತು ಅಂತ ಬಡಿದ ಮೇಲೇ ಗೊತ್ತಾಗುವುದು.

ಹೊತ್ತಿನ ಲೆಕ್ಕ ಮನಸ್ಸಲ್ಲಿ ಕೂರಲಿ. ಆರ್‌ಪಿಜಿ-7, ಹೆಗಲ ಮೇಲಿಟ್ಟು ಹಾರಿಸುವ ಟ್ಯಾಂಕ್ ನಿರೋಧಕ ರಾಕೆಟ್, 1961ರಿಂದ ಬಳಕೆಯಲ್ಲಿದೆ. ಕೊಳವೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 115 ಮೀಟರ್. ಹತ್ತು ಮೀಟರ್ ಹೋದ ಮೇಲೆ ರಾಕೆಟ್ ಮೋಟಾರ್ ಹೊತ್ತಿ ಹತ್ತಿರ ಹತ್ತಿರ 300ಕ್ಕೆ ಏರುತ್ತದೆ. ನೂರು ಮೀಟರಿನಿಂದ ಹಾರಿಸಿದರೆ ನಿಮಗೆ ಸಿಗುವುದು ಅರ್ಧ ಸೆಕೆಂಡೂ ಇಲ್ಲ. ತಂತಿ ಅಥವಾ ಲೇಸರ್ ನೆರವಿನ ಕ್ಷಿಪಣಿ ಕಿಲೋಮೀಟರ್‌ಗಟ್ಟಲೆ ದೂರದಿಂದ ಬಂದರೆ ಹತ್ತು ಸೆಕೆಂಡಾದರೂ ಸಿಗಬಹುದು. ಟ್ಯಾಂಕಿನ ಬಾಣದಂಥ ಗುಂಡು ಬೇರೆಯೇ ಜಾತಿ, ಸೆಕೆಂಡಿಗೆ 1500 ಮೀಟರಿನ ಮೇಲೆ. ಅದಕ್ಕೆ ಬೆಂಕಿಯ ಬಾಲವೂ ಇಲ್ಲ.

ಒಂದು ಮಾತು. ಬರೀ ಹಾರಿಸಿದ ಮಿಂಚನ್ನು ನಂಬಬೇಡಿ ತಂಗಿ. ಅದು ಕೆಲವೇ ಮಿಲಿಸೆಕೆಂಡಿನದ್ದು. ಆ ಕ್ಷಣ ನಿಮ್ಮ ಕ್ಯಾಮೆರಾ ಮುಂದೆ ಮರವೋ ಧೂಳೋ ಇದ್ದರೆ ಹೋಯಿತು.

ಯಾಣದ ಮಾಸ್ತರ · ಮಂಗಳವಾರ ಬೆಳಿಗ್ಗೆ 7:02

ಬಾಲ ಇಲ್ಲದಿದ್ದರೂ ಬಿಸಿ ಇರುತ್ತದೆ ಸಾಹೇಬರೇ. ಮೂತಿಯ ಎದುರು ಗಾಳಿ ಅದುಮಿಕೊಂಡು ಬಿಸಿಯಾಗುತ್ತದೆ. ಸೆಕೆಂಡಿಗೆ 300 ಮೀಟರಾದರೆ ಸುಮಾರು 45 ಡಿಗ್ರಿ ಏರಿಕೆ, 1600 ಮೀಟರಾದರೆ 1200 ಡಿಗ್ರಿ ದಾಟುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇಷ್ಟು ಅಂತರ. ಅಂಥ ಗುಂಡಿನ ತುದಿ ಚಿಕ್ಕದು, ಆದರೆ ಇನ್ಫ್ರಾರೆಡ್ ಕಣ್ಣಿಗೆ ಕೆಂಡದ ಹಾಗೆ ಕಾಣುತ್ತದೆ. ಮೋಟಾರ್ ಆರಿಹೋದ ನಿಧಾನದ ರಾಕೆಟ್ಟೇ ಹೆಚ್ಚು ಕಷ್ಟ.

ಸಿದ್ದಾಪುರದ ತೋಟ · ಮಂಗಳವಾರ ಮಧ್ಯಾಹ್ನ 1:30

ನಾನು ಬೆಂಗಳೂರಲ್ಲಿ ಥರ್ಮಲ್ ಕ್ಯಾಮೆರಾ ಜೋಡಿಸುವ ಕಡೆ ಕೆಲಸ ಮಾಡುತ್ತೇನೆ, ಊರು ಸಿದ್ದಾಪುರ. ಪ್ರಾಜೆಕ್ಟಿಗೆ ಥರ್ಮಲ್ ಕ್ಯಾಮೆರಾ ಕೊಳ್ಳುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ, ದುಡ್ಡು ಉಳಿಯುತ್ತದೆ.

ಕೈಗೆಟಕುವ ಬೆಲೆಯ ಕ್ಯಾಮೆರಾಗಳಲ್ಲಿ ಇರುವುದು ಮೈಕ್ರೋಬೋಲೋಮೀಟರ್. ಪ್ರತಿ ಪಿಕ್ಸೆಲ್ಲೂ ಕೆಳಗಿನ ಚಿಪ್ಪಿಗೆ ತಾಗದೆ ನಿರ್ವಾತದಲ್ಲಿ ತೂಗುವ ತೆಳ್ಳನೆಯ ಹಾಳೆ. ಶಾಖ ಬಿದ್ದರೆ ಅದು ಬಿಸಿಯಾಗಿ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಗುಳಿಮಂಡಲ ಹಾವು ಇರುತ್ತದಲ್ಲ, ಕಣ್ಣು ಮತ್ತು ಮೂಗಿನ ನಡುವೆ ಅದರ ಕುಳಿಯಲ್ಲೂ ಇಂಥದ್ದೇ ಪೊರೆ ಇದೆ. ಕತ್ತಲಲ್ಲಿ ಇಲಿಯ ಮೈಶಾಖವನ್ನು ಅದರಿಂದಲೇ ಹಿಡಿಯುತ್ತದೆ. ಆ ಪೊರೆಯ ದಪ್ಪ ಸುಮಾರು 15 ಮೈಕ್ರಾನ್ ಅಷ್ಟೇ. ತೆಳ್ಳಗಿದ್ದಷ್ಟೂ ಬೇಗ ಬಿಸಿಯಾಗುತ್ತದೆ, ಬೇಗ ಆರುತ್ತದೆ. ಚಿಕ್ಕಂದಿನಲ್ಲಿ ಅಜ್ಜ ಟಾರ್ಚ್ ಬಿಟ್ಟು ತೋರಿಸಿದ್ದರು, ಎಲೆಯ ಬಣ್ಣದ ಹಾವು ಅಲ್ಲಾಡದೆ ಕೂತಿತ್ತು. ಅದು ನಮ್ಮ ಕೈಯನ್ನು ಶಾಖವಾಗಿಯೂ ನೋಡುತ್ತಿತ್ತು ಅಂತ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ.

ಎಷ್ಟೇ ತೆಳ್ಳಗೆ ಮಾಡಿದರೂ ಸಾಮಾನ್ಯ ಮೈಕ್ರೋಬೋಲೋಮೀಟರಿಗೆ ಬಿಸಿಯಾಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ರಾಕೆಟ್ 3 ಮೀಟರ್ ಮುಂದೆ ಬಂದಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅಗ್ಗದ ಮಾದರಿಗಳಲ್ಲಿ ರಫ್ತು ನಿಯಮದಿಂದಾಗಿ ಸೆಕೆಂಡಿಗೆ 9 ಫ್ರೇಮ್ ಮಾತ್ರ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ 33 ಮೀಟರ್! ನೂರು ಮೀಟರಿನಲ್ಲಿ ಮೂರು ಚಿತ್ರ ಸಿಗುತ್ತವೆ, ಮೂರನೆಯದು ನೋಡುವಷ್ಟರಲ್ಲಿ ಮುಗಿದಿರುತ್ತದೆ.

ನಿಜವಾದ ಕೆಲಸಕ್ಕೆ ಇಂಡಿಯಂ ಆಂಟಿಮೊನೈಡ್ ಥರದ ಡಿಟೆಕ್ಟರ್ ಬಳಸುತ್ತಾರೆ. ಅದು ಬಿಸಿಯಾಗುವವರೆಗೆ ಕಾಯುವುದಿಲ್ಲ, ಕಿರಣ ಬಿದ್ದ ಕೂಡಲೇ ಕರೆಂಟ್ ಕೊಡುತ್ತದೆ. ಆದರೆ ಮೈನಸ್ 196 ಡಿಗ್ರಿಗೆ ತಣ್ಣಗಿಡಬೇಕು, ಅದಕ್ಕೊಂದು ಪುಟ್ಟ ಕೂಲರ್ ಸದಾ ಓಡುತ್ತಿರಬೇಕು.

ಕರಾವಳಿಯ ಹಸಿ ಗಾಳಿಯ ಬಗ್ಗೆ ಯಾರಾದರೂ ಕೇಳುತ್ತಾರೆ ಅಂತ ಈಗಲೇ ಹೇಳಿಬಿಡುತ್ತೇನೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ 8ರಿಂದ 14 ಮೈಕ್ರಾನಿನ ಪಟ್ಟಿ ದೂರಕ್ಕೆ ಮಂಕಾಗುತ್ತದೆ, 3ರಿಂದ 5 ಸ್ವಲ್ಪ ತಾಳಿಕೊಳ್ಳುತ್ತದೆ. ಇನ್ನೂರು ಮುನ್ನೂರು ಮೀಟರಿನೊಳಗೆ ಅಷ್ಟೇನೂ ವ್ಯತ್ಯಾಸ ಇಲ್ಲ. ಜೋರು ಮಳೆ, ದಟ್ಟ ಮಂಜು ಬಂದರೆ ಎರಡೂ ಕುರುಡು.

ಮಜಾಳಿ ತಾಂಡೇಲ · ಮಂಗಳವಾರ ರಾತ್ರಿ 8:50

ನಾನು ಓದಿದ್ದು ಏಳನೇ ಕ್ಲಾಸ್. ಇಪ್ಪತ್ತಾರು ವರ್ಷದಿಂದ ಟ್ರಾಲ್ ಬೋಟ್ ನಡೆಸುತ್ತಿದ್ದೇನೆ. ನೀವೆಲ್ಲ ಕಾಣುವುದು ಹೇಗೆ ಅಂತ ಮಾತಾಡುತ್ತಿದ್ದೀರಿ. ಕಂಡದ್ದು ನಮ್ಮ ಮೇಲೇ ಬರುತ್ತಿದೆಯೋ, ಪಕ್ಕದಿಂದ ಹೋಗುತ್ತದೋ ಅಂತ ತಿಳಿಯುವುದು ಬೇರೆ ವಿಷಯ. ಅದು ನಮಗೆ ದಿನನಿತ್ಯದ್ದು.

ಬೇಸಿಗೆ ಕೊನೆಯ ಒಂದು ರಾತ್ರಿ. ಮಳೆಗಾಲದ ಮೀನುಗಾರಿಕೆ ಬಂದ್ ಶುರುವಾಗಲು ಕೆಲವೇ ದಿನ ಇತ್ತು. ದೇವಗಡದ ದೀಪಸ್ತಂಭ ಕಾಣದಷ್ಟು ಹೊರಗೆ ಇದ್ದೆವು, ಬಲೆ ನೀರಲ್ಲಿತ್ತು. ಹುಡುಗರು ಮಲಗಿದ್ದರು. ಉತ್ತರದಿಂದ ಒಂದು ಬಿಳಿ ದೀಪ. ಹಡಗು ಅಂತ ಗೊತ್ತಾಯಿತು, ಅದರಲ್ಲೇನು ವಿಶೇಷ, ರಾತ್ರಿಗೆ ಹತ್ತು ಕಾಣುತ್ತವೆ. ಅಪ್ಪ ಕಲಿಸಿದ ಹಾಗೆ ಕ್ಯಾಬಿನ್ನಿನ ಕಂಬಕ್ಕೆ ಆ ದೀಪವನ್ನು ಹಿಡಿದು ನೋಡಿದೆ. ಬೀಡಿ ಒಂದು ಮುಗಿಯಿತು. ದೀಪ ಕಂಬದ ಪಕ್ಕದಲ್ಲೇ ಇದೆ. ಕಂಪಾಸ್ ನೋಡಿದೆ, ನಮ್ಮ ಬೋಟೂ ತಿರುಗಿಲ್ಲ. ದೀಪ ಮಾತ್ರ ದೊಡ್ಡದಾಗಿದೆ. ಸ್ವಲ್ಪ ಹೊತ್ತಿಗೆ ಕೆಳಗೆ ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡವು. ಅಂದರೆ ಅದರ ಮೂತಿ ನೇರ ನಮ್ಮ ಕಡೆ.

16ನೇ ಚಾನೆಲ್‌ನಲ್ಲಿ ಮೂರು ಸಲ ಕರೆದೆ. ಉತ್ತರ ಇಲ್ಲ. ಬಲೆ ಎಳೆಯುತ್ತಾ ಬೋಟ್ ಬೇಗ ತಿರುಗುವುದಿಲ್ಲ. ವಿಂಚಿನ ಬ್ರೇಕ್ ಬಿಟ್ಟು ವಾಯರ್ ಪೂರ್ತಿ ಹೋಗಲು ಬಿಟ್ಟೆವು, ಬಲೆಯೂ ಹೋಯಿತು. ಫುಲ್ ಕೊಟ್ಟು ಪಕ್ಕಕ್ಕೆ ಬಂದೆವು. ಹಡಗು ನಾವಿದ್ದ ಜಾಗದ ಮೇಲೇ ಹೋಯಿತು. ಅದರ ಅಲೆಗೆ ನಮ್ಮ ಐಸ್ ಪೆಟ್ಟಿಗೆ ಮಗುಚಿತು. ಹೆಸರು ಓದಲು ಆಗಲಿಲ್ಲ. ಆ ಬಲೆಯ ಸಾಲ ತೀರಿಸಲು ಎರಡು ಸೀಸನ್ ಬೇಕಾಯಿತು.

ದಿಕ್ಕು ಬದಲಾಗದೆ ದೊಡ್ಡದಾಗುತ್ತಾ ಬರುವ ದೀಪ ನಿಮ್ಮದೇ. ದಿಕ್ಕು ಜಾರಿದರೆ ಅದು ಬೇರೆಯವರದ್ದು. ನಿಮ್ಮ ಮಿಷಿನ್ನಿಗೆ ಇದನ್ನು ಹೇಳಿಕೊಡಲು ಆಗುತ್ತದಾ ಮಾಸ್ತರೇ?

ಯಾಣದ ಮಾಸ್ತರ · ಮಂಗಳವಾರ ರಾತ್ರಿ 11:10

ತಾಂಡೇಲರೇ, ನಿಮ್ಮ ಬರಹ ಎರಡು ಸಲ ಓದಿದೆ. ಹುಡುಗರೆಲ್ಲ ಸುರಕ್ಷಿತವಾಗಿ ದಡಕ್ಕೆ ಬಂದಿರಲ್ಲ, ಅದು ದೊಡ್ಡದು. ನೀವು ಹೇಳಿದ್ದು ಸಮುದ್ರದ ಅಂತರರಾಷ್ಟ್ರೀಯ ನಿಯಮದಲ್ಲೂ ಇದೆ. 1972ರ ನಿಯಮಾವಳಿಯ 7ನೇ ನಿಯಮ, ಎದುರಿನ ಹಡಗಿನ ಕಂಪಾಸ್ ದಿಕ್ಕು ಗಣನೀಯವಾಗಿ ಬದಲಾಗದಿದ್ದರೆ ಡಿಕ್ಕಿಯ ಅಪಾಯ ಇದೆ ಎಂದೇ ತಿಳಿಯಬೇಕು ಅನ್ನುತ್ತದೆ. ಪ್ಯಾಸಿವ್ ಇನ್ಫ್ರಾರೆಡ್ ಟ್ರ್ಯಾಕಿಂಗಿನ ತಿರುಳೂ ಇದೇ. ಅದಕ್ಕೆ ದಿಕ್ಕು ಗೊತ್ತು, ದೂರ ಗೊತ್ತಿಲ್ಲ.

ದೂರ ಗೊತ್ತಿಲ್ಲದೆಯೂ ಎಷ್ಟು ಹೊತ್ತು ಉಳಿದಿದೆ ಅಂತ ಹೇಳಬಹುದು! ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು, ಅಲ್ವಾ. ಈಗ ಒಂದು ಫ್ರೇಮಿನಲ್ಲಿ ಚುಕ್ಕೆಯ ಬೆಳಕು 100 ಇತ್ತು, ಮುಂದಿನ ಫ್ರೇಮಿನಲ್ಲಿ 121 ಆಯಿತು ಅಂದುಕೊಳ್ಳಿ. 121ರ ವರ್ಗಮೂಲ 11, 100ರದ್ದು 10. ಅಂದರೆ ದೂರ 11 ಪಾಲಿದ್ದದ್ದು 10 ಪಾಲಾಯಿತು. ಒಂದು ಫ್ರೇಮಿಗೆ ಒಂದು ಪಾಲು ಕಳೆದರೆ ಇನ್ನುಳಿದದ್ದು 10 ಫ್ರೇಮ್. ಪಾಲು ಅಂದರೆ 10 ಮೀಟರೋ 100 ಮೀಟರೋ, ಅದು ಬೇಕಾಗಿಯೇ ಇಲ್ಲ. ನಾನು ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಇದು ಚುಕ್ಕೆಯ ಸ್ವಂತ ಹೊಳಪು ಬದಲಾಗದಿದ್ದರೆ ಮಾತ್ರ. ಮೋಟಾರ್ ಹೊತ್ತುವಾಗ ಏಕಾಏಕಿ ಬೆಳಗುತ್ತದೆ, ಆರುವಾಗ ಕುಸಿಯುತ್ತದೆ. ಆ ಎರಡೂ ಹೊತ್ತಲ್ಲಿ ಲೆಕ್ಕ ಸುಳ್ಳು ಹೇಳುತ್ತದೆ.

ದೂರವೇ ಬೇಕು ಅಂದರೆ ವಾಹನದ ಎರಡು ಬದಿಗೆ ಎರಡು ಕಣ್ಣು ಇಡಬೇಕು. ನಡುವೆ 3 ಮೀಟರ್ ಅಂತಿಟ್ಟುಕೊಳ್ಳಿ. 90 ಡಿಗ್ರಿ ನೋಟವನ್ನು 640 ಪಿಕ್ಸೆಲ್ಲಿಗೆ ಹಂಚಿದರೆ ಒಂದು ಪಿಕ್ಸೆಲ್ಲಿಗೆ 0.14 ಡಿಗ್ರಿ. ಒಂದು ಪಿಕ್ಸೆಲ್ ತಪ್ಪಿದರೆ 30 ಮೀಟರ್ ದೂರದಲ್ಲಿ ಮುಕ್ಕಾಲು ಮೀಟರ್ ತಪ್ಪು, 100 ಮೀಟರ್ ದೂರದಲ್ಲಿ 8 ಮೀಟರ್ ತಪ್ಪು. ದೂರದ ವರ್ಗಕ್ಕೆ ತಕ್ಕಂತೆ ತಪ್ಪು ಬೆಳೆಯುತ್ತದೆ. ಹತ್ತಿರ ಬಂದ ಮೇಲೆ ಎರಡು ಕಣ್ಣು ಚೆನ್ನಾಗಿ ಕೆಲಸ ಮಾಡುತ್ತವೆ, ದೂರದಲ್ಲಿ ಅಷ್ಟಕ್ಕಷ್ಟೇ.

ಮತ್ತೆ ಕಂಪಾಸ್. ನೀವು ಬೋಟ್ ತಿರುಗಿಲ್ಲ ಅಂತ ನೋಡಿಕೊಂಡಿರಿ. ಗುಂಡಿ ರಸ್ತೆಯಲ್ಲಿ ಕುಣಿಯುವ ವಾಹನದಲ್ಲಿ ಆ ಕೆಲಸ ಜೈರೋಸ್ಕೋಪಿನದ್ದು. ಅದು ಹೇಳಿದ ಅಲುಗಾಟವನ್ನು ಪ್ರತಿ ಫ್ರೇಮಿನಿಂದಲೂ ಕಳೆಯದಿದ್ದರೆ ಯಾವ ಚುಕ್ಕೆಯೂ ಒಂದೇ ದಿಕ್ಕಲ್ಲಿ ನಿಲ್ಲುವುದಿಲ್ಲ.

ಹಳೇ ಟ್ಯಾಂಕಿನವ · ಬುಧವಾರ ಬೆಳಿಗ್ಗೆ 5:50

ಹಾಗಾದರೆ ರಾಡಾರ್ ಯಾಕೆ ಅಂತ ತಂಗಿಗೆ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಟ್ಯಾಂಕಿನ ಕಡೆಗೆ ಬರುವ ರಾಕೆಟ್ಟನ್ನು ರಾಡಾರಿನಿಂದ ಕಂಡು ತಡೆಯುವ ಸೋವಿಯೆತ್‌ನ ಡ್ರೋಜ್ದ್ ವ್ಯವಸ್ಥೆ ಸೆಕೆಂಡಿಗೆ 70ರಿಂದ 700 ಮೀಟರ್ ವೇಗದಲ್ಲಿ ಬರುವುದಕ್ಕೆ ಮಾತ್ರ ಪ್ರತಿಕ್ರಿಯಿಸುತ್ತಿತ್ತು. ಹಕ್ಕಿ, ಕಲ್ಲು, ಸಣ್ಣ ಗುಂಡು ಎಲ್ಲ ಅದರಿಂದಲೇ ಹೊರಗೆ. ರಾಡಾರ್ ವೇಗವನ್ನು ನೇರ ಅಳೆಯುತ್ತದೆ, ಹಾಗಾಗಿ ಅದು ಸುಲಭ. ಇಸ್ರೇಲಿನ ಟ್ರೋಫಿಯೂ ರಾಡಾರಿನದ್ದೇ. 2011ರ ಮಾರ್ಚ್ 1ರಂದು ಗಾಜಾ ಗಡಿಯಲ್ಲಿ ಮೆರ್ಕಾವಾ ಟ್ಯಾಂಕಿನ ಕಡೆಗೆ ಬಂದ ರಾಕೆಟ್ಟನ್ನು ಅದು ತಡೆದಿತ್ತು.

ಆದರೆ ರಾಡಾರ್ ಕೂಗುತ್ತದೆ. ಕಿವಿ ಇದ್ದವನಿಗೆ ನೀವಿರುವ ಜಾಗ ಗೊತ್ತಾಗುತ್ತದೆ. ಇನ್ಫ್ರಾರೆಡ್ ಸುಮ್ಮನೆ ನೋಡುತ್ತದೆ. ಜರ್ಮನಿಯ ಪೂಮಾ ವಾಹನದ ಮೇಲಿನ ಮುಸ್ ವ್ಯವಸ್ಥೆ ಹೀಗೆ ಸುಮ್ಮನೆ ನೋಡುವ ಕಣ್ಣುಗಳದ್ದು. ಕ್ಷಿಪಣಿ ಕಂಡರೆ ಹೊಗೆ ಹಾರಿಸಿ, ಜಾಮರ್ ಹಾಕಿ ಅದರ ಗುರಿ ಕೆಡಿಸುತ್ತದೆ.

ಸುಳ್ಳು ಅಲಾರ್ಮಿನ ಬಗ್ಗೆ ಪ್ರಾಜೆಕ್ಟಿನಲ್ಲಿ ಒಂದು ಅಧ್ಯಾಯವೇ ಇರಲಿ. ತಡೆಯುವ ವ್ಯವಸ್ಥೆ ಸಿಡಿದರೆ ಚೂರುಗಳು ಹೊರಗೆ ಹಾರುತ್ತವೆ. ವಾಹನದ ಪಕ್ಕದಲ್ಲಿ ನಮ್ಮ ಹುಡುಗರು ನಡೆಯುತ್ತಿರುತ್ತಾರೆ. ವೆಲ್ಡಿಂಗ್ ಕಿಡಿಗೋ, ಗಾಜಿನ ಮಿಂಚಿಗೋ ಅದು ಸಿಡಿಯಿತು ಅಂದರೆ ಯಾರ ಮನೆಗೆ ಏನು ಹೇಳಬೇಕು?

ಸದಾಶಿವಗಡ ಹುಡುಗಿ · ಬುಧವಾರ ಸಂಜೆ 5:20

ನಾನೇ ಆ ಪ್ರಾಜೆಕ್ಟಿನವಳು. ಮಾಮಾ ಇಲ್ಲಿ ಹಾಕಿದ್ದು ನಿನ್ನೆ ಗೊತ್ತಾಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾಕೆಟ್ ನಮ್ಮ ಕೈಯಲ್ಲಿ ಆಗುವುದಿಲ್ಲ, ಕೂಲರ್ ಇರುವ ಕ್ಯಾಮೆರಾವೂ ಸಿಗುವುದಿಲ್ಲ. ಹಾಗಾಗಿ ತಾಂಡೇಲ ಕಾಕಾ ಹೇಳಿದ್ದನ್ನೂ ಮಾಸ್ತರ ಹೇಳಿದ್ದನ್ನೂ ನಿಧಾನದ ವಸ್ತುವಿನ ಮೇಲೆ ಮಾಡಿ ತೋರಿಸೋಣ ಅಂತ ಗೈಡ್ ಒಪ್ಪಿದ್ದಾರೆ. ಭಾನುವಾರ ಮಾಡಿ ಬಂದು ಬರೆಯುತ್ತೇನೆ.

ಸದಾಶಿವಗಡ ಹುಡುಗಿ · ಭಾನುವಾರ ರಾತ್ರಿ 10:05

ಮಾಡಿದೆವು. ಕತ್ತಲಾದ ಮೇಲೆ, ನೀರು ಇಳಿದು ಮರಳು ಗಟ್ಟಿ ಇದ್ದಾಗ, ಬೀಚಿನಲ್ಲಿ. ಸೈಕಲ್ ಹ್ಯಾಂಡಲಿಗೆ ಒಂದು ಎಲ್ಇಡಿ ಬಲ್ಬ್ ಕಟ್ಟಿದೆವು. ಟಾರ್ಚ್ ಆದರೆ ಒಂದೇ ಕಡೆ ಬೆಳಗುತ್ತದೆ, ಲೆಕ್ಕ ಕೆಡುತ್ತದೆ. ಸ್ಟೂಲಿನ ಮೇಲೆ ಮೊಬೈಲ್, ಸ್ಲೋ ಮೋಷನ್ 240 ಫ್ರೇಮ್. ಎಕ್ಸ್‌ಪೋಷರ್ ಲಾಕ್ ಮಾಡಲೇಬೇಕು. ಮೊದಲ ಸಲ ಮರೆತಿದ್ದೆ. ಬೆಳಕು ಹೆಚ್ಚಾದ ಹಾಗೆ ಮೊಬೈಲೇ ಕಡಿಮೆ ಮಾಡಿಕೊಂಡು ಎಲ್ಲ ಫ್ರೇಮೂ ಒಂದೇ ಥರ ಬಂತು.

ತಮ್ಮ 60 ಮೀಟರಿನಿಂದ ನೇರ ಸ್ಟೂಲಿನ ಕಡೆಗೆ ತುಳಿದ. ಅವನು 30 ಮೀಟರ್ ಗುರುತು ದಾಟಿದಾಗ ನನ್ನ ಲೆಕ್ಕ 5.5 ಸೆಕೆಂಡ್ ಉಳಿದಿದೆ ಅಂದಿತು. ಅವನು ತಲುಪಿದ್ದು 6.2ಕ್ಕೆ. ದೂರವನ್ನು ನಾನು ಪ್ರೋಗ್ರಾಮಿಗೆ ಹೇಳಿಯೇ ಇರಲಿಲ್ಲ! ಮಾಮಾ ಮರಳಲ್ಲೇ ಕೂತು ಮತ್ತೆ ಮತ್ತೆ ನೋಡಿದರು.

ಆಮೇಲೆ 5 ಮೀಟರ್ ಪಕ್ಕದಿಂದ ಹಾದು ಹೋಗುವ ಸೈಕಲ್. ಕಷ್ಟ ಇಲ್ಲಿ ಗೊತ್ತಾಯಿತು. 60 ಮೀಟರಿನಲ್ಲಿ ಅದು 4.8 ಡಿಗ್ರಿ ಪಕ್ಕಕ್ಕಿದೆ, 50ರಲ್ಲಿ 5.7. ಹತ್ತು ಮೀಟರ್ ಬಂದರೂ ಒಂದು ಡಿಗ್ರಿ ಜಾರಿಲ್ಲ. ಕೊನೆಯ ಹತ್ತು ಮೀಟರಿಗೆ ಬರುವಾಗ 27 ಡಿಗ್ರಿ. ದೂರದಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಬೇರೆಯವರದ್ದು ಅಂತ ಖಾತ್ರಿ ಆಗುವಷ್ಟರಲ್ಲಿ ಹೊತ್ತು ಬಹಳ ಕಳೆದಿರುತ್ತದೆ. ಇನ್ನೊಂದು, ಸುಮಾರು 12 ಮೀಟರಿನೊಳಗೆ ಪಿಕ್ಸೆಲ್ ತನ್ನ ಗರಿಷ್ಠ ಮಟ್ಟವಾದ 255ಕ್ಕೆ ಮುಟ್ಟಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಬೆಳಕು ಬೆಳೆಯುವುದಿಲ್ಲ, ಪ್ರೋಗ್ರಾಮ್ ಸೈಕಲ್ ನಿಂತಿದೆ ಅಂತ ತಿಳಿದುಕೊಂಡಿತು.

ಬಗೆಹರಿಯದೆ ಉಳಿದದ್ದು ಒಂದು. ನಾಲ್ಕನೇ ಓಟದಲ್ಲಿ ನೇರ ಬಂದ ಸೈಕಲನ್ನೂ ಪಕ್ಕದಿಂದ ಹೋಗುತ್ತದೆ ಅಂತ ತೋರಿಸಿತು. ನೋಡಿದರೆ ಸ್ಟೂಲಿನ ಒಂದು ಕಾಲು ಮರಳಲ್ಲಿ ಹುಗಿದು, ಮೊಬೈಲ್ ಎರಡು ಡಿಗ್ರಿ ವಾಲಿತ್ತು. ಮೊಬೈಲಿನೊಳಗೇ ಜೈರೋ ಇದೆ, ಅದನ್ನು ವಿಡಿಯೋದ ಫ್ರೇಮಿಗೆ ಹೊಂದಿಸಿ ಕಳೆಯುವುದು ಮುಂದಿನ ವಾರದ ಕೆಲಸ.

ಸಿದ್ದಾಪುರದ ತೋಟ · ಭಾನುವಾರ ರಾತ್ರಿ 10:30

255ರ ತೊಂದರೆಗೆ ಒಂದು ಫ್ರೇಮ್ ಉದ್ದ, ಒಂದು ಫ್ರೇಮ್ ಗಿಡ್ಡ ಎಕ್ಸ್‌ಪೋಷರ್ ಕೊಡುವ ಕ್ಯಾಮೆರಾ ಹುಡುಕಿ. ದೂರದಲ್ಲಿ ಉದ್ದದ್ದನ್ನು, ಹತ್ತಿರ ಗಿಡ್ಡದ್ದನ್ನು ಓದಿ. ನಾವೂ ಹಾಗೇ ಮಾಡುವುದು.

ಮಜಾಳಿ ತಾಂಡೇಲ · ಭಾನುವಾರ ರಾತ್ರಿ 10:48

ಮಗಾ, ಸ್ಟೂಲ್ ಬಿಡು. ಮುಂದಿನ ಭಾನುವಾರ ಬೈತಖೋಲ ಬಂದರಿಗೆ ಬಾ, ಮಾಮನನ್ನೂ ಕರೆದುಕೊಂಡು ಬಾ. ಬೋಟ್ ಧಕ್ಕೆಯಲ್ಲೇ ಕಟ್ಟಿರುತ್ತದೆ, ನಿಂತಲ್ಲೇ ಚೆನ್ನಾಗಿ ತೂಗುತ್ತದೆ. ಕ್ಯಾಬಿನ್ನಿನ ಕಂಬಕ್ಕೆ ನಿನ್ನ ಮೊಬೈಲ್ ಕಟ್ಟೋಣ. ಪಾತಿ ದೋಣಿಯಲ್ಲಿ ನನ್ನ ಮಗ ಬಲ್ಬ್ ಹಿಡಿದು ನಿನ್ನ ಕಡೆಗೆ ಬರುತ್ತಾನೆ, ಒಮ್ಮೆ ನೇರ, ಒಮ್ಮೆ ಪಕ್ಕದಿಂದ. ಯಾವುದು ಯಾವುದು ಅಂತ ನಾನು ಕಣ್ಣಲ್ಲಿ ನೋಡಿ ಮೊದಲೇ ಹೇಳುತ್ತೇನೆ, ನೀನು ಬರೆದುಕೋ.